ಏಳು ಗಂಟೆಯ ಕೂಗು

ನನ್ನ ಸೊಸೆ ಬಾಯ್ಲರ್ ನಡೆಸುತ್ತಾಳೆ. ಈ ಮಾತನ್ನು ಯಾರಿಗೆ ಹೇಳಿದರೂ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ, "ಬಚ್ಚಲುಮನೆಯದ್ದಾ?" ಎಂದು ಕೇಳುತ್ತಾರೆ. ಬಚ್ಚಲುಮನೆಯದ್ದಲ್ಲ ಸ್ವಾಮಿ, ಕಂಬಳಿ ಮಿಲ್ಲಿನದ್ದು. ಎರಡಾಳೆತ್ತರ, ಒಂದು ಬಸ್ಸಿನಷ್ಟು ಉದ್ದ, ಹೊಟ್ಟೆಯ ತುಂಬ ಬೆಂಕಿ. ಅದು ಬೆಳಿಗ್ಗೆ ಉಗಿ ಕೊಡದಿದ್ದರೆ ಬಣ್ಣದ ತೊಟ್ಟಿ ಕಾಯುವುದಿಲ್ಲ, ಒಣಗಿಸುವ ಉರುಳೆ ಬಿಸಿಯಾಗುವುದಿಲ್ಲ, ನಾನೂರು ಜನ ಕೈಕಟ್ಟಿ ಕೂರಬೇಕು. ಅಂಥದ್ದನ್ನು ಐದಡಿ ಒಂದಿಂಚಿನ ನನ್ನ ಸೊಸೆ ಪರೀಕ್ಷೆ ಕಟ್ಟಿ, ಸರ್ಟಿಫಿಕೇಟು ತಂದು ನಡೆಸುತ್ತಿದ್ದಾಳೆ. ಹೇಳಿಕೊಳ್ಳಬಾರದೇ? ನಾನಂತೂ ಹೇಳಿಕೊಳ್ಳುತ್ತೇನೆ.

ಆ ಮಿಲ್ಲು ನನಗೇನೂ ಹೊಸದಲ್ಲ. ಮೂವತ್ತೊಂದು ವರ್ಷ ಅಲ್ಲಿ ಕಂಬಳಿಯ ಅಂಚು ಹೊಲಿದವಳು ನಾನು. ಸಂಜೆ ಮನೆಗೆ ಬಂದು ಅಕ್ಕಪಕ್ಕದವರ ರವಿಕೆ, ಕೋಟು, ಅಂಗಿ. ಮಿಲ್ಲಿನಲ್ಲಿ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಾಯ್ಲರ್ ಮನೆಯ ಮೇಲಿನ ಉಗಿಕೊಳವೆ ಕೂಗುತ್ತದೆ. ಕೂಗು ನಿಂತ ಕೂಡಲೇ ಗೇಟು ಮುಚ್ಚುತ್ತದೆ, ಹೊರಗುಳಿದವರಿಗೆ ಅಂದು ಕೆಲಸವಿಲ್ಲ. ಒಮ್ಮೆ ಮಗನಿಗೆ ಜ್ವರವಿತ್ತು, ಮಿಲ್ಲಿನ ಲಾರಿ ತಪ್ಪಿತು. ಯಾರದೋ ಗಾಡಿಗೆ ಕೈ ಅಡ್ಡ ಹಾಕಿ ಬಂದು ಇಳಿದು ಓಡಿದೆ. ಗೇಟು ಇನ್ನೂ ಇಪ್ಪತ್ತು ಹೆಜ್ಜೆ ದೂರ ಇರುವಾಗ ಕೂಗು ನಿಂತಿತು. ಕಾವಲುಗಾರ ನನ್ನ ಮುಖವನ್ನೂ ನೋಡದೆ ಚಿಲಕ ಹಾಕಿದ. ಕೆಲಸ ಬಿಟ್ಟು ಆರು ವರ್ಷವಾಯಿತು, ಈಗಲೂ ಕುಕ್ಕರ್ ಸೀಟಿ ಹೊಡೆದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಆ ಕೂಗಿನ ಸರಪಳಿಯನ್ನು ಎಳೆಯುವ ಹಕ್ಕು ಬಾಯ್ಲರ್ ಮನೆಯ ಮುಖ್ಯಸ್ಥನದ್ದು. ಅವನು ರಜೆಯಲ್ಲಿದ್ದ ದಿನ ಮಾತ್ರ ಬೇರೆಯವರು ಎಳೆಯಬಹುದು. ಇಷ್ಟು ವರ್ಷ ಎಳೆದವರು ಒಬ್ಬ ಹಿರಿಯರು. ಎಲ್ಲರೂ ಉಗಿತಾತ ಎಂದೇ ಕರೆಯುವುದು. ಕಳೆದ ವರ್ಷ ಅವರು ಚಳಿಗಾಲ ಮುಗಿದ ಮೇಲೆ ನಿವೃತ್ತಿಯಾಗುತ್ತೇನೆಂದು ಬರೆದುಕೊಟ್ಟರು. ಆ ಜಾಗಕ್ಕೆ ಇಬ್ಬರೇ ಇದ್ದದ್ದು. ಒಬ್ಬಳು ನನ್ನ ಸೊಸೆ. ಇನ್ನೊಬ್ಬ ಮಿಲ್ಲಿನ ಗೋಡೆಗೆ ಒತ್ತಿಕೊಂಡೇ ಮನೆ ಮಾಡಿಕೊಂಡಿದ್ದವನು, ಹಾಸಿಗೆಯಿಂದ ಉರುಳಿದರೆ ಬಾಯ್ಲರ್ ಮುಂದೆ ಬೀಳುವಷ್ಟು ಹತ್ತಿರ.

ಮ್ಯಾನೇಜರ್ ಸೊಸೆಯನ್ನು ಕರೆಸಿ ಹೇಳಿದನಂತೆ: "ಕೆಲಸದಲ್ಲಿ ನೀವು ಎತ್ತಿದ ಕೈ, ಎರಡು ಮಾತಿಲ್ಲ. ಆದ್ರೆ ಇಪ್ಪತ್ನಾಲ್ಕು ಕಿಲೋಮೀಟರು ಬೈಕಲ್ಲಿ ಬರ್ತೀರಿ. ಈ ಚಳಿಗಾಲ ಬೆಳಗಿನ ಪಾಳಿ ನಿಮಗೇ ಕೊಡ್ತೀನಿ. ಒಂದೇ ಒಂದು ದಿನ ಏಳಕ್ಕೆ ಉಗಿ ಇಲ್ಲ ಅಂದ್ರೆ ಆ ಜಾಗ ಅವರಿಗೆ. ಆಮೇಲೆ ನನ್ನ ಬೈಕೋಬೇಡಿ."

ಸೊಸೆ ಇದನ್ನು ಊಟದ ಹೊತ್ತಿಗೆ ನಗುನಗುತ್ತಲೇ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಮ್ಯಾನೇಜರ್ ಬೆಚ್ಚಗೆ ಕಾರಲ್ಲಿ ಬರೋನು, ಅವನಿಗೇನು ಗೊತ್ತು ಚಳಿ? ತೋರಿಸೋಣ ಬಿಡು," ಎಂದೆ. 'ತೋರಿಸೋಣ' ಎಂದೆ ನೋಡಿ, ನಾನೇ ಗಾಡಿ ಓಡಿಸುವವಳ ಹಾಗೆ.

ಕಾರ್ಮಿಕರ ಲಾರಿ ನಮ್ಮ ಬೀದಿಯ ತುದಿಯಿಂದ ಹೊರಡುವುದು ಆರು ಗಂಟೆಗೆ. ಬಾಯ್ಲರಿಗೆ ಬೆಂಕಿ ಏರಿಸಿ ಸಲೀಸಾಗಿ ಉಗಿ ಕಟ್ಟಲು ಒಂದೂವರೆ ಗಂಟೆ ಬೇಕು, ಎಷ್ಟು ಹೆಣಗಾಡಿದರೂ ಒಂದು ಗಂಟೆಗೆ ಕಡಿಮೆ ಇಲ್ಲ. ಅಂದರೆ ಸೊಸೆ ಐದೂವರೆಗೆ ಅಲ್ಲಿರಬೇಕು, ಮನೆಯಿಂದ ಐದಕ್ಕೆ ಹತ್ತು ನಿಮಿಷ ಇರುವಾಗ ಹೊರಡಬೇಕು. ಅದಕ್ಕೇ ಬೈಕು. ಬೈಕು ನನ್ನ ಯಜಮಾನರದ್ದು. ಅವರು ಹೋದ ಮೇಲೆ ಹಳೆಯ ಚಾದರ ಹೊದ್ದು ಮೂಲೆಯಲ್ಲಿ ನಿಂತಿತ್ತು. ಮಗ ಅದರ ತಂಟೆಗೆ ಹೋದವನಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಅವನಿಗೆ ಸೈಕಲ್ ಏರಿದರೂ ಕೈಕಾಲು ನಡುಗುತ್ತದೆ. ಸೊಸೆ ಬಂದ ಎರಡನೆಯ ತಿಂಗಳಿಗೆ ಚಾದರ ಎತ್ತಿ, "ಅತ್ತೆ, ಇದು ಓಡುತ್ತಾ?" ಎಂದಳು. ಓಡಿತು.

ಚಳಿ ಶುರುವಾಯಿತು. ಎತ್ತರದ ಬೆಟ್ಟಗಳ ನಡುವಿನ ನಮ್ಮ ಕಡೆಯ ಚಳಿ ಎಂದರೆ ತಮಾಷೆಯಲ್ಲ. ಬಕೆಟ್ಟಿನ ನೀರಿನ ಮೇಲೆ ಬೆಳಿಗ್ಗೆ ಗಾಜಿನಂಥ ಹಾಳೆ ಕಟ್ಟಿರುತ್ತದೆ. ನಿಂತಲ್ಲಿ ಅಷ್ಟು ಚಳಿ ಎಂದಮೇಲೆ ಬೈಕಿನ ಮೇಲೆ ಕೂತವಳ ಗತಿ ಕೇಳಬೇಕೇ? ನಾನು ಮೆಷಿನ್ನಿನ ಮುಂದೆ ಕೂತೆ. ಮೂವತ್ತೊಂದು ವರ್ಷ ಸೂಜಿ ಹಿಡಿದ ಕೈ. ಅವಳ ಎರಡೂ ಸ್ವೆಟರುಗಳ ಪಕ್ಕ ಹಿಡಿದು ಮೈಗೆ ಅಂಟುವ ಹಾಗೆ ಮಾಡಿದೆ. ಯಜಮಾನರ ಕೋಟನ್ನು ಬಿಚ್ಚಿ ಅವಳ ಅಳತೆಗೆ ಕತ್ತರಿಸಿದೆ, ಗಾಳಿ ನುಸುಳಲು ಕೂದಲೆಳೆಯಷ್ಟು ಜಾಗವಿಲ್ಲದ ಹಾಗೆ. ಬೂಟಿನೊಳಗೆ ಮೂರು ಜೊತೆ ಕಾಲುಚೀಲ ತುರುಕಿಸಿದೆ. ಕೊನೆಗೆ, ನನ್ನ ಕೈಚಳಕವೆಲ್ಲ ಸುರಿದು, ಬೈಕಿನ ಹ್ಯಾಂಡಲಿಗೆ ತೊಡಿಸುವ ಎರಡು ಚೀಲ ಹೊಲಿದೆ. ಹೊರಗೆ ರೇನ್‌ಕೋಟಿನ ಬಟ್ಟೆ, ಒಳಗೆ ಕಂಬಳಿ, ಕೈ ತೂರಿಸುವಲ್ಲಿ ಎಲಾಸ್ಟಿಕ್ಕು. ಅವಳನ್ನು ಬೈಕಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದ ಮುಷ್ಟಿಯ ಸುತ್ತ ಟೇಪು ಹಿಡಿದು ಅಳತೆ ತೆಗೆದುಕೊಂಡಿದ್ದೆ. ಕೂತಿತು ನೋಡಿ, ಚರ್ಮದ ಮೇಲೆ ಚರ್ಮ ಕೂತ ಹಾಗೆ. ಪಕ್ಕದ ಮನೆಯವಳನ್ನು ಕರೆದು ತೋರಿಸಿದೆ.

ಮಿಲ್ಲು ಸೇರಿದ ಕೂಡಲೇ ಅವಳು ನನಗೊಂದು ಮಿಸ್ಡ್ ಕಾಲ್ ಕೊಡಬೇಕು, ಅದು ನಮ್ಮಿಬ್ಬರ ಒಪ್ಪಂದ. ಒಂದೇ ರಿಂಗು. ಅದು ಬರುವ ತನಕ ನಾನು ಚಹಾ ಕುಡಿಯುತ್ತಿರಲಿಲ್ಲ. ದಿನವೂ ಐದೂವರೆಗೆ ಎರಡು ನಿಮಿಷ ಹಿಂದೆ ಮುಂದೆ ಬರುತ್ತಿತ್ತು. ಹನ್ನೊಂದನೆಯ ದಿನ ಐದೂ ಐವತ್ತಕ್ಕೆ ಬಂತು. ಸಂಜೆ ಕೇಳಿದೆ, "ಯಾಕೆ ತಡ?" "ಮಂಜು ಜಾಸ್ತಿ ಇತ್ತು ಅತ್ತೆ," ಎಂದು ಒಳಗೆ ಹೋದಳು. ಏಳಕ್ಕೆ ಉಗಿ ಬಂತೇ ಎಂದು ಕೇಳಿದೆ. "ಬಂತು. ಬೆವರು ಇಳಿಸಿಬಿಡ್ತು ಇವತ್ತು," ಎಂದಳು ಒಳಗಿನಿಂದಲೇ.

ಬೈಕ್ ಒರೆಸಲೆಂದು ನಾನು ಅಂಗಳಕ್ಕೆ ಹೋದೆ. ಬಲಗಡೆಯ ಚೀಲದ ಹೊಲಿಗೆಯನ್ನು ಯಾರೋ ಉದ್ದಕ್ಕೆ ಸೀಳಿದ್ದರು. ಬಿಚ್ಚಿದ್ದಲ್ಲ, ಚಾಕುವಿನಿಂದ ಸೀಳಿದ್ದು! ನನ್ನ ಪಿತ್ತ ನೆತ್ತಿಗೇರಿತು.

"ಯಾರೇ ಇದನ್ನ ಕತ್ತರಿಸಿದ್ದು? ಎರಡು ದಿನ ಕೂತು ಹೊಲಿದಿದ್ದೀನಿ ಕಣೇ! ಬೇಡ ಅಂದ್ರೆ ಬಾಯಲ್ಲಿ ಹೇಳ್ಬೇಕು, ಚಾಕು ಹಾಕೋದಾ?"

ಅವಳು ಹೊರಗೆ ಬಂದಳು. ಆಗ ನೋಡಿದೆ, ಕುಂಟುತ್ತಿದ್ದಳು. ಮಗನೂ ಪುಸ್ತಕ ಬಿಟ್ಟು ಹಿಂದೆಯೇ ಬಂದ. ಇನ್ನು ಮುಚ್ಚಿಡಲಾಗದೆ ಅವಳು ಹೇಳಿದಳು. ತಿರುವಿನಲ್ಲಿ ಎದುರಿಗೆ ಒಂದು ಹಸು ಅಡ್ಡ ಬಂದಿದೆ. ಬ್ರೇಕ್ ಹಿಡಿಯಲು ಬೆರಳು ಬಿಚ್ಚಬೇಕು. ಚೀಲದೊಳಗೆ ಬೆರಳು ಬಿಚ್ಚಲು ಜಾಗವೇ ಇಲ್ಲ. ಕೈ ಹೊರಗೆಳೆದುಕೊಳ್ಳೋಣವೆಂದರೆ ಎಲಾಸ್ಟಿಕ್ಕು ಮಣಿಕಟ್ಟನ್ನು ಬಿಡಲಿಲ್ಲ. ಬೈಕು ಮಣ್ಣಿಗಿಳಿದು ಮಲಗಿತು, ಇವಳ ಮೊಣಕಾಲು ತರಚಿತು. ಎದ್ದು, ಪೈಪಿನ ಪಟ್ಟಿ ಕತ್ತರಿಸುವ ಚಾಕುವಿನಿಂದ ಚೀಲ ಸೀಳಿ, ಮತ್ತೆ ಹತ್ತಿ ಹೋಗಿದ್ದಾಳೆ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮುಚ್ಚಿದ ಮುಷ್ಟಿಗೆ ಅಳತೆ ತೆಗೆದುಕೊಂಡಿದ್ದೆ ನಾನು. ತೆರೆದ ಕೈಯ ಅಳತೆ ಬೇಕಿತ್ತು. ದರ್ಜಿಯ ಬುದ್ಧಿ, ನಿಂತ ಮೈಗೆ ಚೆಂದ ಕೂತರೆ ಸಾಕು ಎನ್ನುವ ಬುದ್ಧಿ. ಆ ಹಸು ಎರಡು ಮಾರು ಹತ್ತಿರವಿದ್ದಿದ್ದರೆ? ಹಸುವಿನ ಜಾಗದಲ್ಲಿ ಲಾರಿ ಇದ್ದಿದ್ದರೆ?

ಮಗ ಕಿರುಚಿದ: "ಸಾಕು! ನಾಳೆಯಿಂದ ನೀನು ಆ ಗಾಡಿ ಮುಟ್ಟಕೂಡದು. ಯಾವ ಮುಖ್ಯಸ್ಥೆನೂ ಆಗೋದು ಬೇಡ!"

"ನಾನು ಬಿಡಲ್ಲ," ಎಂದಳು ಸೊಸೆ. ದನಿ ಎತ್ತಲಿಲ್ಲ. "ಆರು ವರ್ಷ ಬೆಂಕಿ ಮುಂದೆ ನಿಂತಿದ್ದೀನಿ. ಒಂದು ತರಚುಗಾಯಕ್ಕೆ ಬಿಡಲ್ಲ."

"ಅಮ್ಮ, ನೀನಾದ್ರೂ ಹೇಳು!"

"ಹೇಳ್ತೀನಿ," ಎಂದೆ. "ಗಾಡಿ ನಿಮ್ಮಪ್ಪಂದು. ಕೆಲಸ ಅವಳದ್ದು. ತಪ್ಪು ನಂದು. ಇದರಲ್ಲಿ ನಿಂದು ಅನ್ನೋದು ಏನೂ ಇಲ್ಲ, ಹೋಗಿ ಅರಿಶಿನ ತಗೊಂಡು ಬಾ, ಮೊಣಕಾಲಿಗೆ ಹಚ್ಚಬೇಕು."

ಅವನು ಗೊಣಗುತ್ತ ಒಳಗೆ ಹೋದ. ಸೊಸೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ಅತ್ತೆ, ಬೇಜಾರು ಮಾಡ್ಕೋಬೇಡಿ. ಇನ್ನೊಂದು ಇದೆ. ಸ್ವೆಟರು, ಕೋಟು, ಕಾಲುಚೀಲ ಎಲ್ಲಾ ಬಿಗಿ. ಅರ್ಧ ದಾರಿಗೇ ಕಾಲ್ಬೆರಳು ಮರಗಟ್ಟುತ್ತೆ. ನಮ್ಮಲ್ಲಿ ಹೊಸಬನೊಬ್ಬ ಉಗಿ ಪೈಪಿಗೆ ಉಣ್ಣೆ ಪಟ್ಟಿನ ಜೋರಾಗಿ ಎಳೆದು ಕಟ್ಟಿಬಿಟ್ಟಿದ್ದ. ನೋಡೋಕೆ ಬಲು ಚೆಂದ, ಆದ್ರೆ ಶಾಖ ಎಲ್ಲಾ ಹೊರಗೆ. ಉಗಿತಾತ ಬಿಚ್ಚಿಸಿ ಸಡಿಲವಾಗಿ ಸುತ್ತಿಸಿದ್ರು. ಬೆಚ್ಚಗಿಡೋದು ಉಣ್ಣೆ ಅಲ್ಲ, ಒಳಗೆ ಸಿಕ್ಕಿಕೊಂಡಿರೋ ಗಾಳಿ."

"ಇಷ್ಟು ದಿನ ಬಾಯಿಗೆ ಏನು ಹೊಲಿಗೆ ಹಾಕ್ಕೊಂಡಿದ್ದೆಯಾ? ಮೊದಲೇ ಹೇಳೋಕೆ ಏನಾಗಿತ್ತು?"

"ನೀವು ಅಷ್ಟು ಆಸೆಯಿಂದ ಹೊಲಿದಿದ್ರಿ. ಪಕ್ಕದ ಮನೆಯವರನ್ನ ಬೇರೆ ಕರೆದು ತೋರಿಸಿದ್ರಿ. ಹೇಗೆ ಹೇಳ್ಲಿ?"

ನನಗೆ ಅಳು ಬಂತು. ಅಳು ಬಂದಾಗ ಬೈಯುವುದು ನನ್ನ ಅಭ್ಯಾಸ, ಆದ್ದರಿಂದ ಅವಳಿಗೆ ಚೆನ್ನಾಗಿ ಬೈದೆ. ಅವಳು ನಗುತ್ತ ಕೂತಿದ್ದಳು.

ಮರುದಿನ ಅವಳ ವಾರದ ರಜೆ, ಒಳ್ಳೆಯದೇ ಆಯಿತು. ನಾನು ಹೊಲಿದದ್ದನ್ನೆಲ್ಲ ಬಿಚ್ಚಿದೆ. ಸಡಿಲವಾಗಿ ಹೊಲಿಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಕೈ ತಾನಾಗಿ ಒಳಗೊಳಗೆ ಹಿಡಿಯುತ್ತದೆ, ನಾನು ಬಿಡಿಸುತ್ತೇನೆ, ಮತ್ತೆ ಹಿಡಿಯುತ್ತದೆ. ಮೈಗೆ ತೆಳುವಾದ ಒಂದು ಹತ್ತಿಯದ್ದು, ಅದರ ಮೇಲೆ ಉಣ್ಣೆಯದ್ದು, ಅದರ ಮೇಲೆ ಇನ್ನೊಂದು ದೊಗಳೆ ಉಣ್ಣೆಯದ್ದು, ಎಲ್ಲದರ ಮೇಲೆ ಗಾಳಿ ತಡೆಯುವ ಕೋಟು. ಎದೆಯ ಮೇಲೆ ನ್ಯೂಸ್‌ಪೇಪರ್ ಇಡಲು ಒಂದು ಒಳಜೇಬು. ಮೂರು ಜೊತೆ ಕಾಲುಚೀಲದಲ್ಲಿ ಎರಡನ್ನು ಕಿತ್ತೆಸೆದು, ಒಂದೇ ದಪ್ಪನೆಯದ್ದು ಹಾಕಿಸಿದೆ. ಬೂಟಿನೊಳಗೆ ಬೆರಳು ಆಡಬೇಕು. ಕೋಟಿನ ಬೆನ್ನಿಗೆ ಅಡ್ಡಡ್ಡ ಮಿಂಚುವ ಪಟ್ಟಿ ಹಾಕಿದೆ, ಹಿಂದಿನ ಲಾರಿಯವನಿಗೆ ದೂರದಿಂದಲೇ ಕಾಣುವ ಹಾಗೆ. ಹ್ಯಾಂಡಲ್ ಚೀಲಕ್ಕೆ ಅವಳನ್ನು ಮತ್ತೆ ಬೈಕಿನ ಮೇಲೆ ಕೂರಿಸಿದೆ.

"ಬ್ರೇಕ್ ಹಿಡಿ."

ಹಿಡಿದಳು.

"ಬಿಡು. ಕೈ ತೆಗಿ. ಮತ್ತೆ ಹಾಕು. ಕಣ್ಣು ಮುಚ್ಚಿಕೊಂಡು ಹಾಕು!"

ಇಪ್ಪತ್ತು ಸಲ ಮಾಡಿಸಿದೆ. ಬಾಯಿ ಅಗಲವಾಗಿ, ಎಲಾಸ್ಟಿಕ್ಕಿಲ್ಲದೆ, ಒಳಗೆ ಒಂದು ತೆಂಗಿನಕಾಯಿ ಉರುಳಾಡುವಷ್ಟು ಜಾಗ ಬಿಟ್ಟು ಹೊಲಿದೆ. ನೋಡಲು ಎರಡು ಗೋಣಿಚೀಲ ನೇತುಬಿದ್ದ ಹಾಗಿತ್ತು. ಪಕ್ಕದ ಮನೆಯವಳು ಗೋಡೆಯ ಮೇಲಿನಿಂದ, "ಇದೇನ್ರೀ, ನಿಮ್ಮ ಕೈಯಲ್ಲಿ ಇಂಥ ಹೊಲಿಗೆ?" ಎಂದಳು. "ಹೊಸ ಫ್ಯಾಷನ್ನು," ಎಂದೆ.

ಇನ್ನು ಸಂಜೆಯ ಕಥೆ. ಬೆಂಕಿಯ ಮುಂದೆ ದುಡಿದ ಅಂಗಿ ಬೆವರಿಗೆ ತೊಪ್ಪೆಯಾಗಿರುತ್ತದೆ. ಅದರ ಮೇಲೇ ಕೋಟು ಹಾಕಿಕೊಂಡು ಬೈಕ್ ಹತ್ತಿದರೆ ಹತ್ತು ನಿಮಿಷಕ್ಕೆ ಬೆನ್ನು ಮರಗಟ್ಟುತ್ತದೆ. ಆದ್ದರಿಂದ ಒಣ ಅಂಗಿಯ ಒಂದು ಗಂಟು ಕಟ್ಟಿಕೊಟ್ಟೆ, ಬದಲಾಯಿಸದೆ ಹೊರಟರೆ ಮನೆಗೆ ಬರಬೇಡ ಎಂದೆ. ಅವಳೂ ತನ್ನ ಕಡೆಯಿಂದ ಒಂದು ಗಂಟು ತಂದಳು: ಬಾಯ್ಲರಿನ ಬೂದಿ, ಐದು ಕಿಲೋ, ಬೈಕಿನ ಪಕ್ಕದ ಪೆಟ್ಟಿಗೆಯಲ್ಲಿ. ಯಾಕೆ ಎಂದರೆ "ಇರಲಿ" ಎಂದಳು. ಅಂಗಳವೆಲ್ಲ ಬೂದಿಯಾಗುತ್ತದೆ ಎಂದು ನಾನು ದಿನಾ ಕೂಗಾಡಿದೆ. ಅವಳು ಸೊಪ್ಪು ಹಾಕಲಿಲ್ಲ.

ಹಾಗೆ ಎರಡು ತಿಂಗಳು ಕಳೆಯಿತು. ಐದೂವರೆಗೆ ಒಂದು ರಿಂಗು, ನನಗೊಂದು ಲೋಟ ಚಹಾ.

ಆಮೇಲೆ ಆ ದಿನ ಬಂತು. ಹಿಂದಿನ ದಿನ ಸಂಜೆ ತುಂತುರು ಬಿದ್ದು, ಬೆಳಗಾಗುವಷ್ಟರಲ್ಲಿ ಎಲ್ಲವೂ ಹೆಪ್ಪುಗಟ್ಟಿತ್ತು. ಬಾಗಿಲು ತೆಗೆದರೆ ಎದುರುಮನೆಯೇ ಕಾಣದಷ್ಟು ಮಂಜು. ಮಗ ಬಾಗಿಲಿಗೆ ಅಡ್ಡ ನಿಂತ. "ಇವತ್ತೊಂದು ದಿನ ಬೇಡ," ಎಂದ. ಈ ಸಲ ಅವನು ಕಿರುಚಲಿಲ್ಲ, ಬೇಡಿಕೊಂಡ. ನನಗೂ ಬೇಡ ಎನ್ನಿಸಿತು, ನಿಜ ಹೇಳುತ್ತೇನೆ. ಒಂದು ಜಾಗ ಹೋದರೆ ಹೋಯಿತು.

ಸೊಸೆ ಅವನ ಕೈ ಹಿಡಿದು, "ಅರ್ಧ ಗಂಟೆ ಮುಂಚೆ ಹೊರಡ್ತಿದ್ದೀನಿ ನೋಡು. ನಿಧಾನಕ್ಕೆ ಹೋಗ್ತೀನಿ. ದಾರಿ ಆಗಲ್ಲ ಅನ್ನಿಸಿದ್ರೆ ಅಲ್ಲೇ ತಿರುಗಿಸ್ತೀನಿ, ಆಣೆ," ಎಂದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಅವಳ ಒಳಜೇಬಿಗೆ ಪೇಪರ್ ತುಂಬಿ ಗುಂಡಿ ಹಾಕಿದೆ.

ಐದೂವರೆಯಾಯಿತು. ಫೋನ್ ಸುಮ್ಮನಿತ್ತು. ಐದೂ ನಲವತ್ತು. ಮಗ ಅಂಗಳಕ್ಕೂ ಒಳಕ್ಕೂ ಹನ್ನೆರಡು ಸಲ ತಿರುಗಿದ. ಲಾರಿ ಹತ್ತಿ ಹುಡುಕಿಕೊಂಡು ಹೋಗೋಣವೆಂದರೆ ಅದು ಹೊರಡಲು ಇನ್ನೂ ಹೊತ್ತಿತ್ತು. ಆ ಚೀಲದ ಅಳತೆ ಸರಿಯಿತ್ತೇ, ನೂಲು ಗಟ್ಟಿಯಿತ್ತೇ ಎಂದು ನನಗೆ ಅದೇ ಯೋಚನೆ. ಐದೂ ಐವತ್ತೆರಡಕ್ಕೆ ಫೋನು ಒಂದು ರಿಂಗು ಹೊಡೆದು ನಿಂತಿತು. ಮಗ ಗೋಡೆಗೆ ಒರಗಿ ಅತ್ತುಬಿಟ್ಟ. ನಾನು ಚಹಾಕ್ಕೆ ನೀರಿಟ್ಟೆ.

ನಡೆದದ್ದೇನೆಂದು ಸಂಜೆ ಸೊಸೆಗಿಂತ ಮೊದಲು ಲಾರಿಯ ಹೆಂಗಸರೇ ಬಂದು ಹೇಳಿದರು. ಮಿಲ್ಲಿಗೆ ಮೂರು ಕಿಲೋಮೀಟರ್ ಇರುವಾಗ ಒಂದು ಸೇತುವೆ ಇದೆ. ಕೆಳಗಿನಿಂದಲೂ ಗಾಳಿ ಬಡಿಯುವುದರಿಂದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುವುದು ಅದೇ. ಲಾರಿ ಅಲ್ಲಿಗೆ ಬಂದಾಗ ಆಗಲೇ ಮೂರು ಗಾಡಿ ನಿಂತಿದ್ದವು, ಮುಂದಿನದ್ದು ಮ್ಯಾನೇಜರ್ ಕಾರು. ಸೇತುವೆಯ ಮೇಲೆ ಮಂಜುಗಡ್ಡೆಯ ಹಾಳೆ. ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಬೂದಿಯ ಗೆರೆ, ಎರಡಡಿ ಅಗಲ, ಅದರ ನಡುವೆ ಬೈಕಿನ ಒಂದು ಚಕ್ರದ ಗುರುತು ಮತ್ತು ಬೂಟಿನ ಹೆಜ್ಜೆಗಳು. ನನ್ನ ಸೊಸೆ ಬೈಕಿನಿಂದಿಳಿದು, ನಾಲ್ಕು ಹೆಜ್ಜೆಗೆ ಬೂದಿ ಎರಚಿ, ಬೈಕ್ ತಳ್ಳಿ, ಮತ್ತೆ ಎರಚಿ, ಹಾಗೆಯೇ ದಾಟಿದ್ದಳು. ಲಾರಿಯವರು ಸ್ವಲ್ಪ ಹೊತ್ತು ಬಿಸಿಲಿಗೆ ಕಾದು, ಕೊನೆಗೆ ಇಳಿದು ಆ ಗೆರೆಯ ಮೇಲೆ ಒಬ್ಬರ ಹಿಂದೊಬ್ಬರು ನಡೆದು ಹೋದರು. ಮ್ಯಾನೇಜರ್ರೂ ಕಾರು ಬಿಟ್ಟು, ಕೋಟಿನ ಕಾಲರ್ ಎತ್ತಿಕೊಂಡು, ಅದೇ ಗೆರೆ ಹಿಡಿದ.

ಅವರು ಸೇತುವೆಯ ನಡುವೆ ಇದ್ದಾಗ ಮಂಜಿನೊಳಗಿಂದ ಏಳು ಗಂಟೆಯ ಕೂಗು ಕೇಳಿಸಿತಂತೆ. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ.

ಗೇಟು ಮುಚ್ಚಬೇಕಿತ್ತು. ಆದರೆ ಗೇಟಿನ ಹೊರಗೆ ಉಳಿದವರಲ್ಲಿ ಮ್ಯಾನೇಜರ್ರೇ ಇದ್ದಮೇಲೆ ಕಾವಲುಗಾರ ಏನು ಮಾಡಿಯಾನು? ತೆರೆದಿಟ್ಟುಕೊಂಡು ನಿಂತಿದ್ದ. ಮ್ಯಾನೇಜರ್ ಎಂಟಕ್ಕೆ ಒಳಗೆ ಬಂದವನೇ ನೇರ ಬಾಯ್ಲರ್ ಮನೆಗೆ ಹೋಗಿ, "ಸೇತುವೆ ಮೇಲೆ ಬೂದಿ ಹಾಕಿದ್ದು ಯಾರು?" ಎಂದು ಕೇಳಿದ. ಉಗಿತಾತ ಒತ್ತಡದ ಮುಳ್ಳನ್ನು ತೋರಿಸಿ, "ಇದನ್ನ ಏಳಕ್ಕೆ ಇಲ್ಲಿಗೆ ತಂದವಳೇ. ಇನ್ನೂ ಚಳಿಗಾಲ ಮುಗಿಯೋ ತನಕ ಪರೀಕ್ಷೆ ಮಾಡ್ಬೇಕಾ ಸಾರ್?" ಎಂದರು. ಆಗ ಸೊಸೆ ತಲೆಯೆತ್ತಲಿಲ್ಲವಂತೆ, ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದಳು.

ಚಳಿಗಾಲದ ಕೊನೆಯ ವಾರ ಕಾಗದ ಬಂತು. ಅವಳು ಮುಖ್ಯಸ್ಥೆ. ಆ ಜಾಗಕ್ಕಿದ್ದ ಇನ್ನೊಬ್ಬ, ಮಿಲ್ಲಿನ ಗೋಡೆಗೊತ್ತಿದ ಮನೆಯವನೇ ಮೊದಲು ಬಂದು ಕೈ ಕುಲುಕಿದನಂತೆ, ದೊಡ್ಡ ಮನಸ್ಸಿನವನು.

"ಅತ್ತೆ, ಮೊದಲ ದಿನ ನೀವು ಬರ್ಬೇಕು," ಎಂದಳು.

"ಎಲ್ಲಿಗೆ?"

"ನನ್ನ ಹಿಂದೆ ಕೂತ್ಕೊಂಡು. ಮಿಲ್ಲಿಗೆ."

ಅರವತ್ತಾರು ವರ್ಷದ ನಾನು ದೊಗಳೆ ಕೋಟು, ದೊಗಳೆ ಬೂಟು ಹಾಕಿಕೊಂಡು, ಹೆಲ್ಮೆಟ್ಟಿನ ಗಾಜನ್ನು ಉಸಿರಿಗೆ ಮಸುಕಾಗದಂತೆ ಒಂದು ಬೆರಳಷ್ಟು ಎತ್ತಿಕೊಂಡು, ಅವಳ ಸೊಂಟ ಹಿಡಿದು ಕೂತೆ. ಮಗ ಬಾಗಿಲಲ್ಲಿ ನಿಂತು, "ಇಬ್ಬರೂ ಸೇರಿ ನನ್ನ ಜೀವ ತೆಗೀತೀರಿ," ಎಂದ. ಅವಳು ಹೇಗೆ ಓಡಿಸುತ್ತಾಳೆಂದು ಅಂದು ಕಂಡೆ. ಸೇತುವೆಗೆ ಮುಂಚೆಯೇ ವೇಗ ಇಳಿಸಿದಳು, ಸೇತುವೆಯ ಮೇಲೆ ಬ್ರೇಕ್ ಮುಟ್ಟಲೇ ಇಲ್ಲ. ಎದುರಿನ ಲಾರಿಗೆ ಅಷ್ಟು ದೂರದಿಂದಲೇ ಪಕ್ಕ ಕೊಟ್ಟಳು. ಅವಳ ಕೈಗಳು ನನ್ನ ಚೀಲಗಳೊಳಗೆ ಆರಾಮವಾಗಿ ಆಡುತ್ತಿದ್ದವು. ನನ್ನ ಕಾಲ್ಬೆರಳುಗಳೂ ಬೆಚ್ಚಗಿದ್ದವು.

ಬಾಯ್ಲರ್ ಮನೆಯಲ್ಲಿ ಅವಳು ಬೆಂಕಿ ಏರಿಸುವುದನ್ನು ಒಂದೂವರೆ ಗಂಟೆ ಸ್ಟೂಲಿನ ಮೇಲೆ ಕೂತು ನೋಡಿದೆ. ಅಷ್ಟು ವರ್ಷ ಅದೇ ಅಂಗಳದಲ್ಲಿ ಓಡಾಡಿದ್ದರೂ ಒಳಗೆ ಕಾಲಿಟ್ಟವಳಲ್ಲ. ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತು, "ಇವರು ಯಾರು?" ಎಂದ.

"ನಮ್ಮ ಅತ್ತೆ ಸಾರ್. ಚಳಿಗಾಲ ಗೆದ್ದಿದ್ದು ಇವರೇ, ನಾನು ಗಾಡಿ ಓಡಿಸಿದ್ದಷ್ಟೇ."

ಸುಳ್ಳಿ. ಆದರೂ ನನ್ನ ಕತ್ತು ನೆಟ್ಟಗಾಯಿತು.

ಏಳಕ್ಕೆ ಎರಡು ನಿಮಿಷ ಇರುವಾಗ ಅವಳು ಸರಪಳಿಯನ್ನು ತಂದು ನನ್ನ ಕೈಗಿಟ್ಟಳು. "ನೀವೇ ಎಳೀರಿ. ಮೇಲೆ ಗಡಿಯಾರ ಇದೆ, ನಾನು ಹೇಳ್ತೀನಿ." ನಾನು ಎರಡೂ ಕೈಯಿಂದ ಹಿಡಿದುಕೊಂಡೆ. ಎದುರಿನ ಕಿಟಕಿಯಿಂದ ಗೇಟು ಕಾಣುತ್ತದೆ. ಲಾರಿಯವರೆಲ್ಲ ಒಳಗೆ ಬಂದಾಗಿತ್ತು. ಅಷ್ಟರಲ್ಲಿ ರಸ್ತೆಯ ತಿರುವಿನಿಂದ ಒಬ್ಬ ಹೆಂಗಸು ಓಡಿ ಬರುತ್ತಿರುವುದು ಕಂಡಿತು. ಶಾಲು ಒಂದು ಕಡೆ, ಬುತ್ತಿ ಒಂದು ಕಡೆ. ಯಾರೋ ಏನೋ, ನಾನು ಅವಳನ್ನು ಎಂದೂ ನೋಡಿದವಳಲ್ಲ.

"ಎಳೀರಿ ಅತ್ತೆ," ಎನ್ನಲು ಬಾಯಿ ತೆರೆದ ಸೊಸೆ ಕಿಟಕಿಯ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಗೇಟಿನ ಆ ಕಥೆಯನ್ನು ನಾನು ಅವಳಿಗೆ ನೂರು ಸಲ ಹೇಳಿದ್ದೆ.

"ಇನ್ನೂ ಹತ್ತು ಸೆಕೆಂಡಿದೆ," ಎಂದಳು.

ಇತ್ತೋ ಇಲ್ಲವೋ ನಾನು ಗಡಿಯಾರ ನೋಡಲಿಲ್ಲ. ಗೇಟಿನ ಕಡೆಯೇ ನೋಡುತ್ತಿದ್ದೆ. ಆ ಹೆಂಗಸು ಕಾವಲುಗಾರನನ್ನು ದಾಟಿ, ಕಂಬಕ್ಕೆ ಕೈಕೊಟ್ಟು ಏದುಸಿರು ಬಿಡುತ್ತ ಒಳಗೆ ನಿಂತ ಮೇಲೆ, ಸರಪಳಿಯನ್ನು ಜಗ್ಗಿ ಎಳೆದೆ.